ಡ್ರಿಪ್ ಲೆಕ್ಕ: ಗಂಟೆಗೆ ಎಷ್ಟು ಎಂಎಲ್, ನಿಮಿಷಕ್ಕೆ ಎಷ್ಟು ಹನಿ?

“ಮೇಡಂ, 15ರಿಂದ ಗುಣಿಸಬೇಕಾ, 20ರಿಂದ ಗುಣಿಸಬೇಕಾ?” ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ ಕಡೆಯ ನರ್ಸಿಂಗ್ ಮಕ್ಕಳು ನನ್ನನ್ನು ಪದೇಪದೇ ಕೇಳುವ ಪ್ರಶ್ನೆ ಇದು. ಎರಡನೆಯದು, “ಡೋಪಮಿನ್ ಲೆಕ್ಕ ಬಂದ ಕೂಡಲೇ ತಲೆ ಓಡೋದೇ ಇಲ್ಲ, ಏನು ಮಾಡಲಿ?” (ಡೋಪಮಿನ್ ಎಂದರೆ ಬಿಪಿ ಏರಿಸುವ ಔಷಧಿ.) ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಈಗ ಒಂದೇ ಕಡೆ ಬರೆಯುತ್ತಿದ್ದೇನೆ. ನೀವು ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದುತ್ತಿದ್ದರೆ, ಅಥವಾ ಈಗಷ್ಟೇ ವಾರ್ಡಿಗೆ ಸೇರಿದ್ದರೆ, ಇದು ನಿಮಗಾಗಿ.

“ಈಗ ಪಂಪ್ ಇದೆಯಲ್ಲ, ಕೈ ಲೆಕ್ಕ ಯಾಕೆ?” ಎಂದೂ ಕೆಲವರು ಕೇಳುತ್ತಾರೆ. ಐಸಿಯುನಲ್ಲಿ ಪಂಪ್, ಅಂದರೆ ದ್ರವವನ್ನು ಹೇಳಿದ ವೇಗದಲ್ಲಿ ತಾನೇ ಬಿಡುವ ಯಂತ್ರ, ಇರುತ್ತದೆ, ಸರಿ. ಆದರೆ ವಾರ್ಡಿನ ಎಲ್ಲ ಮಂಚಕ್ಕೂ ಪಂಪ್ ಇರುವುದಿಲ್ಲ. ನಮ್ಮ ಕೊಡಗಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ. ಪಂಪಿನ ಬ್ಯಾಟರಿ ಎಷ್ಟು ಹೊತ್ತು ಬಂದೀತು? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದು ನಮಗೆಲ್ಲ ನೆನಪಿದೆ. ಅಂಥ ದಿನಗಳಲ್ಲಿ ಕೈಯಲ್ಲಿರುವುದು ಒಂದು ಐವಿ ಸೆಟ್ (ಬಾಟಲಿಯಿಂದ ರಕ್ತನಾಳಕ್ಕೆ ದ್ರವ ಒಯ್ಯುವ ಕೊಳವೆ), ಒಂದು ಗಡಿಯಾರ, ಅಷ್ಟೇ. ಇನ್ನೂ ಒಂದು ಮಾತು. ಪಂಪಿಗೆ ತಪ್ಪು ಸಂಖ್ಯೆ ಕೊಟ್ಟರೆ ಅದು ತಪ್ಪನ್ನೇ ಅಚ್ಚುಕಟ್ಟಾಗಿ ಮಾಡುತ್ತದೆ. ಸಂಖ್ಯೆ ಸರಿಯಾ ಎಂದು ನೋಡಬೇಕಾದವರು ನಾವು.

ಮೊದಲೇ ಹೇಳಿಬಿಡುತ್ತೇನೆ: ಯಾವ ಔಷಧಿ, ಎಷ್ಟು ಡೋಸ್ ಎಂದು ತೀರ್ಮಾನಿಸುವುದು ವೈದ್ಯರು. ಇಲ್ಲಿರುವ ಸಂಖ್ಯೆಗಳು ಲೆಕ್ಕ ಕಲಿಯಲು ಕೊಟ್ಟ ಉದಾಹರಣೆಗಳು. ನಿಮ್ಮ ಆಸ್ಪತ್ರೆಯ ನಿಯಮ, ಕೇಸ್ ಶೀಟಿನ ಆರ್ಡರ್, ಔಷಧಿಯ ಜೊತೆ ಬರುವ ಚೀಟಿ, ಈ ಮೂರನ್ನೂ ನೋಡಿಯೇ ಕೆಲಸ ಮಾಡಬೇಕು.

ಬೇಕಾಗುವುದು ಇಷ್ಟು: ಸೆಕೆಂಡ್ ಮುಳ್ಳಿರುವ ವಾಚು, ಪೆನ್ನು, ಬಿಳಿ ಟೇಪು, ರೋಗಿಯ ತೂಕ ಕೆಜಿಯಲ್ಲಿ, ಮತ್ತು ಐವಿ ಸೆಟ್ಟಿನ ಕವರ್. ಕವರನ್ನು ಹರಿದ ಕೂಡಲೇ ಕಸದ ಬುಟ್ಟಿಗೆ ಹಾಕಬೇಡಿ. ನಿಮಗೆ ಬೇಕಾದ ಉತ್ತರ ಅದರ ಮೇಲೇ ಅಚ್ಚಾಗಿರುತ್ತದೆ.

ಹಂತ 1: ಕವರ್ ಓದಿ

ಒಂದು ಎಂಎಲ್ ದ್ರವ ಎಷ್ಟು ಹನಿಯಾಗಿ ಬೀಳುತ್ತದೆ ಎಂಬ ಸಂಖ್ಯೆಗೆ ಡ್ರಾಪ್ ಫ್ಯಾಕ್ಟರ್ ಎನ್ನುತ್ತಾರೆ. ಇದು ರೋಗಿಗೆ ಸಂಬಂಧಪಟ್ಟದ್ದಲ್ಲ, ಸೆಟ್ಟಿಗೆ ಸಂಬಂಧಪಟ್ಟದ್ದು. ಚೇಂಬರಿನೊಳಗೆ ಹನಿ ಬೀಳುವ ತೂತು ದೊಡ್ಡದಿದ್ದರೆ ಹನಿ ದಪ್ಪ, ಸಣ್ಣದಿದ್ದರೆ ಹನಿ ಸಣ್ಣ.

ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ದೊಡ್ಡವರ ಸೆಟ್, ಅಂದರೆ ಮ್ಯಾಕ್ರೋ ಸೆಟ್, ಎಂಎಲ್‌ಗೆ 20 ಹನಿ. ಕೆಲವು ಕಂಪನಿಗಳದ್ದು 15 ಇರುತ್ತದೆ. ಮೈಕ್ರೋ ಸೆಟ್ ಎಂಎಲ್‌ಗೆ 60 ಹನಿ. ಹಾಗಾಗಿ “15ರಿಂದಲೋ 20ರಿಂದಲೋ” ಎಂಬ ಪ್ರಶ್ನೆಗೆ ನನ್ನ ಉತ್ತರ ಯಾವತ್ತೂ ಒಂದೇ: ಕವರ್ ನೋಡಿ. ಪಠ್ಯಪುಸ್ತಕದಲ್ಲಿ 15 ಎಂದಿದೆ ಎಂದು 20ರ ಸೆಟ್ಟಿಗೆ 15 ಹಾಕಿದರೆ, ಹೋಗಬೇಕಾದ ದ್ರವದಲ್ಲಿ ಕಾಲು ಭಾಗ ಕಡಿಮೆ ಹೋಗುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ನಾನು ಹೊಸಬಳಾಗಿದ್ದಾಗ ಒಂದು ರಾತ್ರಿ ಡ್ಯೂಟಿಯಲ್ಲಿ “45 ಹನಿ” ಎಂದು ಹ್ಯಾಂಡ್‌ಓವರ್ ತೆಗೆದುಕೊಂಡೆ. ಮೈಕ್ರೋ ಸೆಟ್ ಖಾಲಿಯಾಗಿತ್ತು, ಮ್ಯಾಕ್ರೋ ಹಾಕಿ ಅದೇ 45 ಹನಿ ಬಿಟ್ಟೆ. ಗಂಟೆಗೆ 45 ಎಂಎಲ್ ಹೋಗಬೇಕಾದದ್ದು 135 ಎಂಎಲ್ ಹೋಗುತ್ತಿತ್ತು. ಹಿರಿಯ ಸಿಸ್ಟರ್ ಒಬ್ಬರು ಬಾಟಲಿ ನೋಡಿ ಹಿಡಿದರು, ರೋಗಿಗೆ ಏನೂ ಆಗಲಿಲ್ಲ. ಅವತ್ತಿನಿಂದ ನಾನು ಹ್ಯಾಂಡ್‌ಓವರ್‌ನಲ್ಲಿ ಬರೀ ಹನಿ ಹೇಳುವುದಿಲ್ಲ. “ಗಂಟೆಗೆ 45 ಎಂಎಲ್, ಮೈಕ್ರೋ ಸೆಟ್ಟಿನಲ್ಲಿ 45 ಹನಿ” ಎಂದು ಪೂರ್ತಿ ಹೇಳುತ್ತೇನೆ. ನೀವೂ ಹಾಗೇ ಹೇಳಿ.

ಹಂತ 2: ಏನೇ ಬರಲಿ, ಮೊದಲು ‘ಗಂಟೆಗೆ ಎಷ್ಟು ಎಂಎಲ್’

ಇದು ನನ್ನ ಹಟ ಎಂದುಕೊಂಡರೂ ಪರವಾಗಿಲ್ಲ. ಆರ್ಡರ್ ಹೇಗೇ ಇರಲಿ, ಮೊದಲು ಅದನ್ನು ಗಂಟೆಗೆ ಎಷ್ಟು ಎಂಎಲ್ ಎಂದು ಬದಲಾಯಿಸಿ. ಪಂಪ್ ಕೇಳುವುದೂ ಅದನ್ನೇ. ಬಾಟಲಿಯ ಗೆರೆ ನೋಡಿ ಪರೀಕ್ಷೆ ಮಾಡಲು ಬೇಕಾಗುವುದೂ ಅದೇ. ಡೋಪಮಿನ್ ಲೆಕ್ಕವೂ ಕೊನೆಗೆ ಬಂದು ನಿಲ್ಲುವುದು ಅಲ್ಲೇ.

ಒಟ್ಟು ಎಂಎಲ್ ÷ ಒಟ್ಟು ಗಂಟೆ = ಗಂಟೆಗೆ ಎಷ್ಟು ಎಂಎಲ್

ಒಂದು ಪಿಂಟ್ ಎನ್‌ಎಸ್ 4 ಗಂಟೆಯಲ್ಲಿ ಹೋಗಬೇಕು ಎಂದಿಟ್ಟುಕೊಳ್ಳಿ. ಎನ್‌ಎಸ್ ಅಂದರೆ ನಾರ್ಮಲ್ ಸಲೈನ್, 0.9% ಉಪ್ಪುನೀರು. ವಾರ್ಡಿನಲ್ಲಿ ಪಿಂಟ್ ಎಂದರೆ 500 ಎಂಎಲ್ ಬಾಟಲಿ. 500 ÷ 4 = ಗಂಟೆಗೆ 125 ಎಂಎಲ್.

ಆರ್ಡರಿನಲ್ಲಿ “24 ಗಂಟೆಗೆ 4 ಪಿಂಟ್” ಎಂದಿದ್ದರೆ 2000 ÷ 24 = 83 ಎಂಎಲ್. ಅಂದರೆ ಒಂದೊಂದು ಪಿಂಟಿಗೆ 6 ಗಂಟೆ.

ಹಂತ 3: ಎಂಎಲ್‌ನಿಂದ ಹನಿಗೆ

ಪುಸ್ತಕದ ಸೂತ್ರ ಇದು:

ಒಟ್ಟು ಎಂಎಲ್ × ಡ್ರಾಪ್ ಫ್ಯಾಕ್ಟರ್ ÷ ಒಟ್ಟು ನಿಮಿಷ = ನಿಮಿಷಕ್ಕೆ ಎಷ್ಟು ಹನಿ

500 × 20 ÷ 240 = 41.67. ಅರ್ಧ ಹನಿ ಬಿಡಲು ಆಗುವುದಿಲ್ಲ, ಹಾಗಾಗಿ 42.

ಇಲ್ಲಿ ಹೆಚ್ಚಿನವರು ಬೀಳುವ ಗುಂಡಿ ಯಾವುದು ಗೊತ್ತಾ? ಗಂಟೆಯನ್ನು ನಿಮಿಷ ಮಾಡಲು ಮರೆಯುವುದು. 240ರ ಜಾಗದಲ್ಲಿ 4 ಹಾಕಿದರೆ 2500 ಹನಿ ಎಂದು ಬರುತ್ತದೆ. ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ, ಒಳ್ಳೆಯದೇ. ಒಂದೂವರೆ ಗಂಟೆಯನ್ನು 150 ನಿಮಿಷ ಎಂದುಕೊಳ್ಳುವ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಒಂದೂವರೆ ಗಂಟೆ ಎಂದರೆ 90 ನಿಮಿಷ.

ಗಂಟೆಯ ಎಂಎಲ್ ಗೊತ್ತಿದ್ದರೆ ಇನ್ನೂ ಸುಲಭದ ದಾರಿ ಇದೆ. 20ರ ಸೆಟ್ಟಾದರೆ 3ರಿಂದ ಭಾಗಿಸಿ. 15ರ ಸೆಟ್ಟಾದರೆ 4ರಿಂದ. ಮೈಕ್ರೋ ಸೆಟ್ಟಿನಲ್ಲಿ ಲೆಕ್ಕವೇ ಬೇಡ, ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ. ಕಾರಣ ಇಷ್ಟೇ: ಗಂಟೆಗೆ 60 ನಿಮಿಷ, 60ನ್ನು 20ರಿಂದ ಭಾಗಿಸಿದರೆ 3, 15ರಿಂದ ಭಾಗಿಸಿದರೆ 4, 60ರಿಂದ ಭಾಗಿಸಿದರೆ 1. ಈ ಕಾರಣ ಗೊತ್ತಿದ್ದರೆ ಸಂಖ್ಯೆ ಮರೆತರೂ ನಿಂತಲ್ಲೇ ಹುಟ್ಟಿಸಿಕೊಳ್ಳಬಹುದು. ಬಾಯಿಪಾಠ ಮಾಡಿದ್ದು ರಾತ್ರಿ ಮೂರು ಗಂಟೆಗೆ ಕೈಕೊಡುತ್ತದೆ.

125 ÷ 3 = 42. ಸೂತ್ರದಲ್ಲಿ ಬಂದದ್ದೂ ಅದೇ. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದರೆ ಮಾತ್ರ ರೋಲರ್, ಅಂದರೆ ಹನಿಯ ವೇಗ ಹೆಚ್ಚುಕಡಿಮೆ ಮಾಡುವ ಚಕ್ರ, ಮುಟ್ಟಿ.

ಹಂತ 4: ಹನಿ ಎಣಿಸಿ, ಟೇಪು ಅಂಟಿಸಿ

ವಾಚನ್ನು ಚೇಂಬರಿನ ಪಕ್ಕದಲ್ಲೇ ಹಿಡಿಯಿರಿ. ಕಣ್ಣು ಎರಡನ್ನೂ ಒಟ್ಟಿಗೆ ನೋಡುವಂತಿರಬೇಕು. 42 ಹನಿ ಬೇಕಾದರೆ ಮೊದಲು 15 ಸೆಕೆಂಡಿನಲ್ಲಿ 10 ಅಥವಾ 11 ಹನಿ ಬರುವಂತೆ ರೋಲರ್ ಸರಿಮಾಡಿ, ಆಮೇಲೆ ಒಂದು ಪೂರ್ತಿ ನಿಮಿಷ ಎಣಿಸಿ. ಬರೀ 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಿದರೆ, ಒಂದು ಹನಿ ತಪ್ಪಿದರೂ ನಿಮಿಷಕ್ಕೆ ನಾಲ್ಕು ತಪ್ಪಿದಂತೆ.

ಇಷ್ಟು ಮಾಡಿ ಹೋದರೆ ಮುಗಿಯಲಿಲ್ಲ. ರೋಲರ್ ನಿಂತಲ್ಲೇ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಟ್ಯೂಬ್ ಮೆಲ್ಲಗೆ ಆಕಾರ ಬದಲಿಸುತ್ತದೆ, ವೇಗ ತಾನಾಗಿ ಬದಲಾಗುತ್ತದೆ. ರೋಗಿ ಕೈ ಮಡಚಿದರೆ ನಿಧಾನ, ಚಾಚಿದರೆ ಜೋರು. ಮಂಚ ಎತ್ತರಿಸಿದರೆ ನಿಧಾನ, ಬಾಟಲಿ ಮೇಲೇರಿಸಿದರೆ ಜೋರು. ಕ್ಯಾನುಲಾ, ಅಂದರೆ ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ, ಕೂಡ ಮುಖ್ಯ. ಹಸಿರು 18 ನಂಬರ್‌ನಲ್ಲಿ ಹೋಗುವಷ್ಟು ಹಳದಿ 24ರಲ್ಲಿ ಹೋಗುವುದಿಲ್ಲ. ಹಾಗಾಗಿ ಹಾಕಿ 15 ನಿಮಿಷ ಆದಾಗ ಒಮ್ಮೆ, ಆಮೇಲೆ ಗಂಟೆಗೊಮ್ಮೆಯಾದರೂ ನೋಡಬೇಕು. ನೋಡುವಾಗ ಬಾಟಲಿಯನ್ನಷ್ಟೇ ಅಲ್ಲ, ಸೂಜಿ ಹಾಕಿದ ಜಾಗವನ್ನೂ ನೋಡಿ. ಊತ, ತಣ್ಣಗಾಗಿರುವುದು, ನೋವು ಇದ್ದರೆ ದ್ರವ ರಕ್ತನಾಳದ ಹೊರಗೆ ಹೋಗುತ್ತಿದೆ ಎಂದರ್ಥ.

ಬಾಟಲಿಗೆ ಉದ್ದಕ್ಕೆ ಬಿಳಿ ಟೇಪು ಅಂಟಿಸಿ ಸಮಯ ಬರೆಯುವ ಹಳೆಯ ಪದ್ಧತಿ ನನಗೆ ಬಹಳ ಇಷ್ಟ. 10 ಗಂಟೆಗೆ ಶುರುಮಾಡಿದ್ದರೆ 11ಕ್ಕೆ 375 ಎಂಎಲ್ ಉಳಿದಿರಬೇಕು, 12ಕ್ಕೆ 250, 1ಕ್ಕೆ 125, 2 ಗಂಟೆಗೆ ಖಾಲಿ. ಆ ಗೆರೆಗಳ ಪಕ್ಕ ಸಮಯ ಬರೆದುಬಿಡಿ. ವಾರ್ಡಿನಲ್ಲಿ ನಡೆದುಹೋಗುವಾಗಲೇ ಹಿಂದಿದೆಯಾ ಮುಂದಿದೆಯಾ ಎಂದು ಕಾಣುತ್ತದೆ.

ಹಿಂದೆ ಬಿದ್ದಿದ್ದರೆ ಏನು ಮಾಡಬೇಕು? 12 ಗಂಟೆಗೆ 250 ಇರಬೇಕಾದಲ್ಲಿ 350 ಇದೆ. ಮನಸ್ಸು ರೋಲರ್ ಪೂರ್ತಿ ಬಿಟ್ಟು ಸರಿದೂಗಿಸು ಎನ್ನುತ್ತದೆ. ದಯವಿಟ್ಟು ಬೇಡ. 350 ಎಂಎಲ್ 2 ಗಂಟೆಯಲ್ಲಿ ಎಂದರೆ ಗಂಟೆಗೆ 175, ಅಂದರೆ ವೈದ್ಯರು ಹೇಳಿದ್ದಕ್ಕಿಂತ 40% ಜಾಸ್ತಿ. ಹೃದಯದ ತೊಂದರೆ, ಕಿಡ್ನಿ ತೊಂದರೆ ಇರುವವರಿಗೆ, ವಯಸ್ಸಾದವರಿಗೆ ಇದರಿಂದ ಶ್ವಾಸಕೋಶದಲ್ಲಿ ನೀರು ತುಂಬಬಹುದು. ವೈದ್ಯರಿಗೆ ತಿಳಿಸಿ, ಹೊಸ ಆರ್ಡರ್ ತೆಗೆದುಕೊಂಡು, ಹೊಸದಾಗಿ ಲೆಕ್ಕ ಹಾಕಿ.

ರೋಗಿಯ ಕಡೆಯವರಿಗೂ ಒಂದು ಮಾತು ಹೇಳಬೇಕು. ನಮ್ಮಲ್ಲಿ ಇದು ತುಂಬಾ ನಡೆಯುತ್ತದೆ. ಭಾಗಮಂಡಲಕ್ಕೋ ಶ್ರೀಮಂಗಲಕ್ಕೋ ಕೊನೆಯ ಬಸ್ಸು ಹೊರಡುವ ಹೊತ್ತಾಗುತ್ತದೆ, ಬೇಗ ಮುಗಿಯಲಿ ಎಂದು ಯಾರೋ ಆ ಚಕ್ರ ತಿರುಗಿಸಿಬಿಡುತ್ತಾರೆ. ಬೈಯುವುದರಿಂದ ಪ್ರಯೋಜನವಿಲ್ಲ. ಡ್ರಿಪ್ ಹಾಕುವಾಗಲೇ ಹೇಳಿ: “ಅಣ್ಣಾ, ಇದು ಮುಗಿಯೋದು ಎರಡು ಗಂಟೆಗೆ. ಚಕ್ರ ಮುಟ್ಟಿದ್ರೆ ಅಜ್ಜಿಗೆ ಉಸಿರು ಕಟ್ಟಬಹುದು. ಬಸ್ಸಿನ ಸಮಯ ಹೇಳಿ, ಡಾಕ್ಟರ್ ಹತ್ರ ನಾನು ಕೇಳ್ತೀನಿ.” ಕಾರಣ ಗೊತ್ತಾದರೆ ಯಾರೂ ಮುಟ್ಟುವುದಿಲ್ಲ.

ಹಂತ 5: ಔಷಧಿ ಎಷ್ಟು ಎಂಎಲ್ ಎಳೆಯಬೇಕು?

ಬೇಕಾದ ಡೋಸ್ ÷ ಕೈಯಲ್ಲಿರುವ ಡೋಸ್ × ಅದು ಇರುವ ಎಂಎಲ್

12 ಕೆಜಿ ಮಗುವಿಗೆ ಸೆಫ್ಟ್ರಿಯಾಕ್ಸೋನ್ ಕೆಜಿಗೆ 50 ಎಂಜಿ ಬರೆದಿದ್ದಾರೆ. 12 × 50 = 600 ಎಂಜಿ. 1 ಗ್ರಾಂ ವಯಲ್‌ಗೆ 10 ಎಂಎಲ್ ಹಾಕಿ ಕರಗಿಸಿದ್ದೀರಿ. 600 ÷ 1000 × 10 = 6 ಎಂಎಲ್. ಪುಡಿಯೂ ಸ್ವಲ್ಪ ಜಾಗ ಹಿಡಿಯುತ್ತದೆ, 10 ಎಂಎಲ್ ಹಾಕಿದರೆ ಒಟ್ಟು 10ಕ್ಕಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ದೊಡ್ಡವರಿಗೆ ಪೂರ್ತಿ ವಯಲ್ ಕೊಡುವಾಗ ಇದು ಲೆಕ್ಕಕ್ಕಿಲ್ಲ. ಹಸುಗೂಸಿಗೆ ಕೊಡುವಾಗ ಔಷಧಿಯ ಚೀಟಿಯಲ್ಲಿ ಎಷ್ಟು ನೀರು ಹಾಕಲು ಹೇಳಿದೆ ಎಂದು ನೋಡಲೇಬೇಕು.

ಸೂತ್ರ ಸುಲಭ. ತಪ್ಪಾಗುವುದು ‘ಕೈಯಲ್ಲಿರುವ ಡೋಸ್’ ಓದುವಾಗ. ಅಮಿಕಾಸಿನ್ ನೋಡಿ. 2 ಎಂಎಲ್ ವಯಲ್‌ನಲ್ಲಿ 100 ಎಂಜಿಯದ್ದೂ ಬರುತ್ತದೆ, 250ರದ್ದೂ ಬರುತ್ತದೆ, 500ರದ್ದೂ ಬರುತ್ತದೆ. 8 ಕೆಜಿ ಮಗುವಿಗೆ 120 ಎಂಜಿ ಬೇಕಾದರೆ 500ರ ವಯಲ್‌ನಿಂದ 0.48 ಎಂಎಲ್, 100ರ ವಯಲ್‌ನಿಂದ 2.4 ಎಂಎಲ್. ಒಂದು ಇನ್ನೊಂದರ ಐದು ಪಟ್ಟು! ನಿನ್ನೆ ಎಳೆದಷ್ಟೇ ಇವತ್ತೂ ಎಳೆದರಾಯಿತು ಎಂದರೆ ಅನಾಹುತ. ಮಕ್ಕಳ ವಾರ್ಡಿನಲ್ಲಿ ಒಂದೇ ಡೋಸಿಗೆ ಎರಡನೇ ವಯಲ್ ಒಡೆಯಬೇಕಾಗಿ ಬಂದರೆ ಕೈ ನಿಲ್ಲಿಸಿ ಇನ್ನೊಮ್ಮೆ ಲೆಕ್ಕ ನೋಡಿ.

ಪ್ಯಾರಾಸಿಟಮಾಲ್ ಡ್ರಿಪ್ಪಿನಲ್ಲಿ ಬೇರೆ ಥರದ ಗುಂಡಿ ಇದೆ. 100 ಎಂಎಲ್‌ನಲ್ಲಿ 1000 ಎಂಜಿ, ಅಂದರೆ ಎಂಎಲ್‌ಗೆ 10 ಎಂಜಿ. 5 ಕೆಜಿ ಮಗುವಿಗೆ 75 ಎಂಜಿ ಬರೆದಿದ್ದರೆ ಕೊಡಬೇಕಾದದ್ದು 7.5 ಎಂಎಲ್. ಎಂಜಿಯನ್ನೇ ಎಂಎಲ್ ಎಂದು ಓದಿ 75 ಎಂಎಲ್ ಬಿಟ್ಟರೆ ಹತ್ತು ಪಟ್ಟು. ಈ ತಪ್ಪು ಬೇರೆ ಬೇರೆ ದೇಶಗಳಲ್ಲಿ ಆಗಿ ದಾಖಲಾಗಿದೆ. ಮಗುವಿಗೆ ದೊಡ್ಡ ಬಾಟಲಿಯನ್ನು ನೇರ ತೂಗುಹಾಕಬೇಡಿ. ಬೇಕಾದಷ್ಟನ್ನೇ ಸಿರಿಂಜಿಗೆ ಎಳೆದುಕೊಂಡು ಕೊಡಿ.

ಶೇಕಡಾ ಎಂದರೆ 100 ಎಂಎಲ್‌ನಲ್ಲಿ ಎಷ್ಟು ಗ್ರಾಂ ಎಂದು. 5% ಡೆಕ್ಸ್‌ಟ್ರೋಸ್ ಒಂದು ಪಿಂಟಿನಲ್ಲಿ 25 ಗ್ರಾಂ ಸಕ್ಕರೆ ಅಂಶ ಇರುತ್ತದೆ, ಮನೆಯ ಲೆಕ್ಕದಲ್ಲಿ ಐದಾರು ಟೀ ಚಮಚ. ತೋಟದ ಲೈನ್ ಮನೆಗಳಿಂದ ಬರುವವರು “ಸುಸ್ತಿದೆ, ಒಂದು ಗ್ಲೂಕೋಸ್ ಹಾಕಿ” ಎಂದು ಕೇಳುತ್ತಾರಲ್ಲ, ಬಾಯಲ್ಲಿ ತಿನ್ನಲು ಕುಡಿಯಲು ಆಗುವವರಿಗೆ ಅದರಿಂದ ಸಿಗುವ ಶಕ್ತಿ ಅಷ್ಟೇ. ಅದಕ್ಕಾಗಿ ಒಂದು ದಿನದ ಕೂಲಿ ಕಳೆದುಕೊಳ್ಳುವುದು ಬೇಡ ಎಂದು ನಾನು ಬಿಡಿಸಿ ಹೇಳುತ್ತೇನೆ.

ಅಡ್ರಿನಲಿನ್‌ನಲ್ಲಿ 1:1000 ಎಂದರೆ 1000 ಎಂಎಲ್‌ನಲ್ಲಿ 1 ಗ್ರಾಂ, ಅಂದರೆ ಎಂಎಲ್‌ಗೆ 1 ಎಂಜಿ. 1:10,000 ಎಂದರೆ ಎಂಎಲ್‌ಗೆ 0.1 ಎಂಜಿ. ಸೊನ್ನೆ ಜಾಸ್ತಿ ಇದ್ದದ್ದು ತೆಳು.

ಇನ್ಸುಲಿನ್ ವಯಲ್ ನಮ್ಮ ದೇಶದಲ್ಲಿ ಎರಡು ಥರ ಸಿಗುತ್ತದೆ: ಎಂಎಲ್‌ಗೆ 40 ಯೂನಿಟ್, ಎಂಎಲ್‌ಗೆ 100 ಯೂನಿಟ್. 40ರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ವಯಲ್‌ನಿಂದ ಕೆಂಪು ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ.

ಬರೆಯುವ ಅಭ್ಯಾಸದ ಬಗ್ಗೆಯೂ ಹೇಳಿಬಿಡುತ್ತೇನೆ. ಅರ್ಧವನ್ನು 0.5 ಎಂದು ಬರೆಯಿರಿ, ಮುಂದಿನ ಸೊನ್ನೆ ಬಿಡಬೇಡಿ. ಐದನ್ನು ಬರೀ 5 ಎಂದು ಬರೆಯಿರಿ, 5.0 ಬೇಡ. ಚುಕ್ಕೆ ಕಾಣದಿದ್ದರೆ ಅದು 50 ಆಗುತ್ತದೆ.

ಹಂತ 6: ಬಾಟಲಿಗೆ ಔಷಧಿ ಬೆರೆಸುವಾಗ

ಪೊಟ್ಯಾಸಿಯಂ ಕ್ಲೋರೈಡ್, ನಾವು ಕೆಸಿಎಲ್ ಎನ್ನುವುದು. 15% ಇರುವ 10 ಎಂಎಲ್ ಆಂಪೂಲ್‌ನಲ್ಲಿ 20 ಮಿಲಿಇಕ್ವಿವಲೆಂಟ್ (ಲವಣಗಳನ್ನು ಅಳೆಯುವ ಮಾನ) ಇರುತ್ತದೆ. ಇದನ್ನು ಎಂದೆಂದಿಗೂ ನೇರ ರಕ್ತನಾಳಕ್ಕೆ ಚುಚ್ಚಬಾರದು, ಹೃದಯ ನಿಂತುಹೋಗುತ್ತದೆ. ಒಂದು ಪಿಂಟಿಗೆ ಒಂದು ಆಂಪೂಲ್ ಬೆರೆಸಿ, ವಾರ್ಡಿನಲ್ಲಿ ಗಂಟೆಗೆ 10 ಮಿಲಿಇಕ್ವಿವಲೆಂಟ್‌ಗಿಂತ ಜಾಸ್ತಿ ಹೋಗಬಾರದು ಎಂಬ ಆರ್ಡರ್ ಇದ್ದರೆ, ಆ ಪಿಂಟಿಗೆ ಕಡಿಮೆ ಎಂದರೂ 2 ಗಂಟೆ ಬೇಕು. ಗಂಟೆಗೆ 250 ಎಂಎಲ್, 20ರ ಸೆಟ್ಟಿನಲ್ಲಿ 83 ಹನಿ. ಅದು ಮೇಲಿನ ಮಿತಿ, ಗುರಿಯಲ್ಲ.

ತೂಗುಹಾಕಿದ ಬಾಟಲಿಗೆ ಹಾಗೇ ಚುಚ್ಚಿ ಕೆಸಿಎಲ್ ಹಾಕಬೇಡಿ. ಅದು ಭಾರ, ಕೆಳಗೆ ಬಾಯಿಯ ಹತ್ತಿರವೇ ನಿಂತು, ಮೊದಲ ಕೆಲವು ನಿಮಿಷದಲ್ಲೇ ಗಟ್ಟಿಯಾಗಿ ರೋಗಿಯೊಳಗೆ ಹೋಗುತ್ತದೆ. ಬಾಟಲಿ ಇಳಿಸಿ, ಬೆರೆಸಿ, ಹಲವು ಸಲ ತಲೆಕೆಳಗು ಮಾಡಿ, ಲೇಬಲ್ ಬರೆದು, ಆಮೇಲೆ ತೂಗುಹಾಕಿ. ಲೇಬಲ್‌ನಲ್ಲಿ ಔಷಧಿ, ಪ್ರಮಾಣ, ಸಮಯ, ನಿಮ್ಮ ಸಹಿ ಇರಲಿ.

ವ್ಯಾಂಕೋಮೈಸಿನ್ ಬೇಗ ಬಿಟ್ಟರೆ ಮುಖ, ಕುತ್ತಿಗೆ ಕೆಂಪಾಗಿ ತುರಿಕೆ ಏಳುತ್ತದೆ, ಬಿಪಿ ಇಳಿಯುತ್ತದೆ. ನಿಮಿಷಕ್ಕೆ 10 ಎಂಜಿ ದಾಟಬಾರದು. 1 ಗ್ರಾಂ 200 ಎಂಎಲ್‌ನಲ್ಲಿದ್ದರೆ 100 ನಿಮಿಷ: 200 × 20 ÷ 100 = 40 ಹನಿ.

ಹಂತ 7: ತಲೆ ಓಡದ ಡೋಪಮಿನ್ ಲೆಕ್ಕ

ಆರ್ಡರ್: ಡೋಪಮಿನ್, ಕೆಜಿಗೆ ನಿಮಿಷಕ್ಕೆ 5 ಮೈಕ್ರೋಗ್ರಾಂ. ರೋಗಿ 60 ಕೆಜಿ. 200 ಎಂಜಿಯ ಒಂದು ಆಂಪೂಲ್ 500 ಎಂಎಲ್ ಎನ್‌ಎಸ್‌ನಲ್ಲಿ ಬೆರೆಸಿದೆ.

ಒಂದೇ ಉಸಿರಿಗೆ ದೊಡ್ಡ ಸೂತ್ರಕ್ಕೆ ಹೋಗಬೇಡಿ. ಒಂದೊಂದೇ ಮೆಟ್ಟಿಲು ಇಳಿಯೋಣ. ಪ್ರತಿ ಸಂಖ್ಯೆಯ ಪಕ್ಕ ಅದರ ಅಳತೆಯನ್ನು ಬರೆಯಿರಿ.

ಈ ರೋಗಿಗೆ ನಿಮಿಷಕ್ಕೆ: 5 × 60 = 300 ಮೈಕ್ರೋಗ್ರಾಂ.
ಗಂಟೆಗೆ: 300 × 60 = 18,000 ಮೈಕ್ರೋಗ್ರಾಂ.
ಎಂಜಿಗೆ: 1000 ಮೈಕ್ರೋಗ್ರಾಂ ಒಂದು ಎಂಜಿ, ಹಾಗಾಗಿ 18 ಎಂಜಿ.
ಬಾಟಲಿಯಲ್ಲಿ ಒಂದು ಎಂಎಲ್‌ಗೆ: 200 ÷ 500 = 0.4 ಎಂಜಿ.
ಗಂಟೆಗೆ ಎಂಎಲ್: 18 ÷ 0.4 = 45 ಎಂಎಲ್.

ಬಂದೆವಲ್ಲ ನಮ್ಮ ಹಳೆಯ ಜಾಗಕ್ಕೆ! ಪಂಪ್ ಇದ್ದರೆ 45 ಒತ್ತಿ. ಮೈಕ್ರೋ ಸೆಟ್ಟಿದ್ದರೆ 45 ಹನಿ. ಪಂಪ್ ಸಿಗುವ ಕಡೆ ಇಂಥ ಔಷಧಿಯನ್ನು ಹನಿ ಎಣಿಸಿ ಬಿಡಬೇಡಿ. ಮ್ಯಾಕ್ರೋ ಸೆಟ್ಟಿನಲ್ಲಂತೂ 15 ಹನಿ, ಒಂದೆರಡು ಹನಿ ಹೆಚ್ಚುಕಡಿಮೆ ಆದರೂ ಬಿಪಿ ಏರಿಳಿಯುತ್ತದೆ.

ಈಗ ಹಿಂದಕ್ಕೆ ಏರಿ ನೋಡಿ. 45 × 0.4 = ಗಂಟೆಗೆ 18 ಎಂಜಿ. 18,000 ÷ 60 = ನಿಮಿಷಕ್ಕೆ 300. 300 ÷ 60 ಕೆಜಿ = 5. ಆರ್ಡರ್ ಸಿಕ್ಕಿತು, ಲೆಕ್ಕ ಸರಿ. ಡ್ಯೂಟಿ ಬದಲಾಗುವಾಗ ಹೀಗೆ ಹಿಂದಿನಿಂದ ಲೆಕ್ಕ ಹಾಕಿ, ರೋಗಿಗೆ ಈಗ ನಿಜವಾಗಿ ಹೋಗುತ್ತಿರುವುದು ಎಷ್ಟು ಎಂದು ನೋಡುವುದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಬಾಟಲಿ ಬದಲಾದಾಗ ಯಾರೋ 500ರ ಬದಲು 250 ಎಂಎಲ್‌ನಲ್ಲಿ ಬೆರೆಸಿದ್ದರೆ, ಅದೇ 45ರಲ್ಲಿ ಎರಡು ಪಟ್ಟು ಔಷಧಿ ಹೋಗುತ್ತಿರುತ್ತದೆ.

ಮೈಕ್ರೋಗ್ರಾಂ ಮತ್ತು ಎಂಜಿ ನಡುವೆ ಸಾವಿರ ಪಟ್ಟು ಅಂತರ. ಕೈಬರಹ ಸ್ಪಷ್ಟವಿಲ್ಲದಿದ್ದರೆ ಊಹೆ ಬೇಡ, ವೈದ್ಯರಿಗೆ ಫೋನ್ ಮಾಡಿ. ಅವರು ಗದರಿದರೂ ಪರವಾಗಿಲ್ಲ.

ಪಂಪಿನ ಬಗ್ಗೆ ಎರಡು ಎಚ್ಚರಿಕೆ. 12.5 ಒತ್ತುವಾಗ ಚುಕ್ಕೆ ಬಿದ್ದಿದೆಯಾ ಎಂದು ಪರದೆಯಲ್ಲಿ ನೋಡಿ, ಇಲ್ಲದಿದ್ದರೆ 125. ಸೆಟ್ಟನ್ನು ಪಂಪಿನಿಂದ ಬಿಡಿಸುವ ಮೊದಲು ರೋಲರ್ ಪೂರ್ತಿ ಮುಚ್ಚಿ. ಮರೆತರೆ ಬಾಟಲಿಯಲ್ಲಿದ್ದದ್ದು ಸುರಿದುಹೋಗುತ್ತದೆ.

ಹಂತ 8: ಮಕ್ಕಳಿಗೆ

ತೂಕ ಅಂದಾಜು ಮಾಡಬೇಡಿ, ತೂಗಿ. ದಿನದ ಸಾಮಾನ್ಯ ದ್ರವಕ್ಕೆ 4-2-1 ಎಂಬ ಲೆಕ್ಕವಿದೆ. ಮೊದಲ 10 ಕೆಜಿಗೆ, ಕೆಜಿಗೆ 4 ಎಂಎಲ್. ಮುಂದಿನ 10 ಕೆಜಿಗೆ, ಕೆಜಿಗೆ 2. ಅದರ ಮೇಲಿನ ಪ್ರತಿ ಕೆಜಿಗೆ 1. ಎಲ್ಲವೂ ಗಂಟೆಗೆ. 14 ಕೆಜಿ ಮಗುವಿಗೆ 40 + 8 = 48 ಎಂಎಲ್, ಮೈಕ್ರೋ ಸೆಟ್ಟಿನಲ್ಲಿ 48 ಹನಿ.

ವಾಂತಿಭೇದಿಯಿಂದ ತೀರಾ ಬಸವಳಿದ ಮಗುವಿಗೆ ವಿಶ್ವ ಆರೋಗ್ಯ ಸಂಸ್ಥೆಯ ‘ಪ್ಲಾನ್ ಸಿ’ ಬೇರೆ. ಒಟ್ಟು ಕೆಜಿಗೆ 100 ಎಂಎಲ್ ರಿಂಗರ್ ಲ್ಯಾಕ್ಟೇಟ್ (ಆರ್‌ಎಲ್). ಒಂದು ವರ್ಷದೊಳಗಿನ ಮಗುವಿಗೆ ಮೊದಲು ಕೆಜಿಗೆ 30 ಎಂಎಲ್ 1 ಗಂಟೆಯಲ್ಲಿ, ಆಮೇಲೆ 70 ಎಂಎಲ್ 5 ಗಂಟೆಯಲ್ಲಿ. ವರ್ಷ ದಾಟಿದ್ದರೆ 30 ಎಂಎಲ್ ಅರ್ಧ ಗಂಟೆಯಲ್ಲಿ, 70 ಎಂಎಲ್ ಎರಡೂವರೆ ಗಂಟೆಯಲ್ಲಿ. 8 ತಿಂಗಳ 6 ಕೆಜಿ ಮಗುವಾದರೆ ಮೊದಲ ಗಂಟೆ 180 ಎಂಎಲ್, 20ರ ಸೆಟ್ಟಿನಲ್ಲಿ 60 ಹನಿ. ಆಮೇಲೆ 420 ÷ 5 = ಗಂಟೆಗೆ 84 ಎಂಎಲ್, 28 ಹನಿ. ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ ಈ ಲೆಕ್ಕ ಹಾಕಬಾರದು, ಹೃದಯಕ್ಕೆ ತಡೆಯುವುದಿಲ್ಲ.

ಬ್ಯುರೆಟ್ ಸೆಟ್, ಅಂದರೆ ನಡುವೆ ಗೆರೆ ಹಾಕಿದ ಕೊಳವೆ ಇರುವ ಮಕ್ಕಳ ಸೆಟ್, ಸಿಕ್ಕರೆ ಅದನ್ನೇ ಬಳಸಿ. ಕೊಳವೆಗೆ ಒಂದು ಗಂಟೆಗೆ ಬೇಕಾದಷ್ಟನ್ನೇ ತುಂಬಿ, ಮೇಲಿನ ಕ್ಲ್ಯಾಂಪ್ ಮುಚ್ಚಿ. ರೋಲರ್ ಜಾರಿದರೂ ಅದಕ್ಕಿಂತ ಜಾಸ್ತಿ ಹೋಗಲಾರದು.

ಹಂತ 9: ಹಾವು ಕಡಿತ, ನಮ್ಮ ತೋಟಗಳ ಲೆಕ್ಕ

ಕಾಫಿ ಕುಯ್ಲು, ಕಳೆ ತೆಗೆಯುವ ಸಮಯದಲ್ಲಿ ಈ ಕೇಸುಗಳು ಬರುತ್ತವೆ. ವಿಷಕ್ಕೆ ಮದ್ದಾದ ಎಎಸ್‌ವಿಯ ಒಂದೊಂದು ಪುಡಿ ವಯಲ್‌ಗೂ 10 ಎಂಎಲ್ ಡಿಸ್ಟಿಲ್ಡ್ ವಾಟರ್. ಕುಲುಕಬೇಡಿ, ನೊರೆ ಬರುತ್ತದೆ. ಮೆಲ್ಲಗೆ ಸುತ್ತಿಸಿ ಕರಗಿಸಿ. 10 ವಯಲ್ ಎಂದರೆ 100 ಎಂಎಲ್ ಆಯಿತು. ಒಟ್ಟು 500 ಎಂಎಲ್ ಒಂದು ಗಂಟೆಯಲ್ಲಿ ಎಂದು ಆರ್ಡರ್ ಇದ್ದರೆ, ಎನ್‌ಎಸ್ ಬಾಟಲಿಯಿಂದ ಮೊದಲು 100 ಎಂಎಲ್ ತೆಗೆದುಹಾಕಿ, ಆಮೇಲೆ ಬೆರೆಸಬೇಕು. ತೆಗೆಯಲು ಮರೆತರೆ ಬಾಟಲಿಯಲ್ಲಿರುವುದು 600, ನಿಮ್ಮ ಲೆಕ್ಕ 500ಕ್ಕೆ.

500 × 20 ÷ 60 = 167 ಹನಿ. ಇಷ್ಟನ್ನು ಎಣಿಸಲು ಯಾರಿಂದಲೂ ಆಗದು. ಸುಮಾರು 100 ಹನಿ ದಾಟಿದರೆ ಎಣಿಸುವುದು ಬಿಡಿ, ಬಾಟಲಿಯ ಗೆರೆ ನೋಡಿ. ಮೊದಲ 10–15 ನಿಮಿಷ ನಿಧಾನವಾಗಿ ಬಿಟ್ಟು, ಅಡ್ರಿನಲಿನ್ ಸಿರಿಂಜಿನಲ್ಲಿ ಎಳೆದಿಟ್ಟುಕೊಂಡು, ರೋಗಿಯ ಪಕ್ಕವೇ ನಿಲ್ಲಿ. ದದ್ದು, ನಡುಕ, ಉಸಿರಾಟದ ತೊಂದರೆ ಕಂಡರೆ ಡ್ರಿಪ್ ನಿಲ್ಲಿಸಿ ವೈದ್ಯರನ್ನು ಕರೆಯಿರಿ. ಆಮೇಲೆ ಉಳಿದ ಎಂಎಲ್, ಉಳಿದ ನಿಮಿಷ ಇಟ್ಟುಕೊಂಡು ಹೊಸ ಲೆಕ್ಕ.

ಮಗುವಿಗೆ ವಯಲ್ ಕಡಿಮೆ ಮಾಡುವಂತಿಲ್ಲ, ಹಾವು ಬಿಡುವ ವಿಷ ಮಗುವಿಗೂ ಅಷ್ಟೇ. ಕಡಿಮೆ ಮಾಡುವುದು ಬೆರೆಸುವ ಎನ್‌ಎಸ್ ಮಾತ್ರ. ನಮ್ಮಲ್ಲಿ ಸಿಗುವ ಎಎಸ್‌ವಿ ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಕೊಡಗಿನ ಕಾಡು ತೋಟಗಳಲ್ಲಿರುವ ಗುಳಿ ಮಂಡಲಗಳ ವಿಷಕ್ಕೆ ಇದು ಕೆಲಸ ಮಾಡುವುದಿಲ್ಲ. ಆದ್ದರಿಂದ ಕೊಡಬೇಕಾ ಬೇಡವಾ ಎಂಬುದನ್ನು ವೈದ್ಯರೇ ಹೇಳಬೇಕು.

ಹಂತ 10: ಘಾಟಿ ಇಳಿಯುವಾಗ

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಮಂಗಳೂರಿಗೆ ಹೋಗುವುದಾದರೆ ಸಂಪಾಜೆ ಘಾಟಿಯ ತಿರುವುಗಳು. ಆಂಬುಲೆನ್ಸ್ ಕುಲುಕಿದಾಗ ಚೇಂಬರ್ ವಾಲುತ್ತದೆ, ಹನಿ ಗೋಡೆಗೆ ತಾಗಿ ಇಳಿಯುತ್ತದೆ, ಎಣಿಕೆ ತಪ್ಪುತ್ತದೆ. ಆಂಬುಲೆನ್ಸಿನ ಚಾವಣಿ ತಗ್ಗು, ಬಾಟಲಿಯ ಎತ್ತರ ವಾರ್ಡಿನಷ್ಟು ಸಿಗುವುದಿಲ್ಲ, ಹರಿವು ತಾನಾಗಿ ಕಡಿಮೆಯಾಗುತ್ತದೆ. ಹಾಗಾಗಿ ಹೊರಡುವ ಮೊದಲು ಗಾಡಿಯೊಳಗೇ ರೋಲರ್ ಸರಿಮಾಡಿ. ದಾರಿಯಲ್ಲಿ 15 ನಿಮಿಷಕ್ಕೊಮ್ಮೆ ಬಾಟಲಿಯ ಗೆರೆ ನೋಡಿ ಬರೆದುಕೊಳ್ಳಿ. ಡೋಪಮಿನ್, ನಾರ್ ಅಡ್ರಿನಲಿನ್ ಹೋಗುತ್ತಿದ್ದರೆ ಸಿರಿಂಜ್ ಪಂಪ್ ಜೊತೆಗಿರಲಿ, ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆಯಾ ನೋಡಿ. ಜುಲೈ ಚಳಿಯಲ್ಲಿ ತಣ್ಣಗಿನ ಪಿಂಟ್ ಜೋರಾಗಿ ಹೋದರೆ ರೋಗಿ ನಡುಗುತ್ತಾರೆ. ಆದರೂ ಬಾಟಲಿಯನ್ನು ಬಿಸಿನೀರಿನಲ್ಲಿ ಅದ್ದಬೇಡಿ. ವಾರ್ಮರ್ ಇದ್ದರೆ ಬಳಸಿ, ಇಲ್ಲದಿದ್ದರೆ ಕಂಬಳಿ ಹೊದಿಸಿ.

ಮಾಡಿ ನೋಡಿ

ಉತ್ತರವನ್ನು ಕೈಯಿಂದ ಮುಚ್ಚಿಕೊಂಡು ಮಾಡಿ.

ಅ) 1 ಲೀಟರ್ ಆರ್‌ಎಲ್, 10 ಗಂಟೆ, 15ರ ಸೆಟ್.
ಉತ್ತರ: ಗಂಟೆಗೆ 100 ಎಂಎಲ್, 25 ಹನಿ.

ಆ) 350 ಎಂಎಲ್ ರಕ್ತ, 4 ಗಂಟೆಯೊಳಗೆ ಮುಗಿಯಬೇಕು, 20ರ ಸೆಟ್.
ಉತ್ತರ: 350 × 20 ÷ 240 = 29 ಹನಿ. ಮೊದಲ 15 ನಿಮಿಷ ಇದಕ್ಕಿಂತ ನಿಧಾನವಾಗಿ ಬಿಟ್ಟು ಪಕ್ಕದಲ್ಲಿರಬೇಕು, ಆದ್ದರಿಂದ ಉಳಿದದ್ದು ಸ್ವಲ್ಪ ಜಾಸ್ತಿಯಾಗುತ್ತದೆ.

ಇ) ಹೆಪಾರಿನ್ 25,000 ಯೂನಿಟ್ 500 ಎಂಎಲ್‌ನಲ್ಲಿ. ಗಂಟೆಗೆ 1000 ಯೂನಿಟ್ ಹೋಗಬೇಕು.
ಉತ್ತರ: ಎಂಎಲ್‌ಗೆ 50 ಯೂನಿಟ್, ಗಂಟೆಗೆ 20 ಎಂಎಲ್, ಮೈಕ್ರೋ ಸೆಟ್ಟಿನಲ್ಲಿ 20 ಹನಿ.

ಈ) ಆಕ್ಸಿಟೋಸಿನ್ 5 ಯೂನಿಟ್ 500 ಎಂಎಲ್‌ನಲ್ಲಿ. ನಿಮಿಷಕ್ಕೆ 2 ಮಿಲಿಯೂನಿಟ್.
ಉತ್ತರ: 5 ಯೂನಿಟ್ ಎಂದರೆ 5000 ಮಿಲಿಯೂನಿಟ್, ಎಂಎಲ್‌ಗೆ 10. ನಿಮಿಷಕ್ಕೆ 0.2 ಎಂಎಲ್, ಗಂಟೆಗೆ 12 ಎಂಎಲ್. ಮೈಕ್ರೋ ಸೆಟ್ಟಿನಲ್ಲಿ 12 ಹನಿ, 20ರ ಸೆಟ್ಟಿನಲ್ಲಿ 4. ನಿಮ್ಮ ಉತ್ತರ 120 ಬಂದಿದ್ದರೆ, ಎಂಎಲ್‌ಗೆ 10ರ ಬದಲು 1 ಎಂದು ತೆಗೆದುಕೊಂಡಿದ್ದೀರಿ. ಹಂತ 7ರ ಮೆಟ್ಟಿಲುಗಳನ್ನು ಇನ್ನೊಮ್ಮೆ ಇಳಿದು ನೋಡಿ.